ಬಾಯಮ್ಮ ಮತ್ತು ಕೆಳಗಿನ ಸ್ವರ

ಮೊನ್ನೆ ನವರಾತ್ರಿಗೆ ಉಡಲೆಂದು ಕಪಾಟಿನ ಕೆಳಗಿನ ಅರೆಯಿಂದ ರೇಷ್ಮೆ ಸೀರೆ ತೆಗೆದೆ. ಮಡಿಕೆಗಳ ನಡುವೆ ನಾನೇ ಇಟ್ಟಿದ್ದ ನುಸಿಗುಳಿಗೆಗಳು ಕರಗಿ ಕಡಲೆಬೇಳೆಯಷ್ಟಾಗಿದ್ದವು. ಸೀರೆ ಕೊಡವಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಈ ವಾಸನೆಯಿಂದ ಅಜ್ಜಿಯ ಟ್ರಂಕು, ಮದುವೆಯ ಪತ್ತಲ ಇಂಥವೆಲ್ಲ ನೆನಪಾಗುತ್ತವಂತೆ. ನನಗೆ ಇಗರ್ಜಿಯ, ಅಂದರೆ ಚರ್ಚಿನ, ಮಹಡಿ ನೆನಪಾಗುತ್ತದೆ. ಅಲ್ಲಿ ಕಾಲಿನಿಂದ ತುಳಿದು ನುಡಿಸುವ ಹಳೆಯ ಆರ್ಗನ್ ಒಂದಿತ್ತು. ಅದರೊಳಗೆ ಇಲಿ, ಜಿರಲೆ ಸೇರದಿರಲಿ ಎಂದು ಬಾಯಮ್ಮ ಹಳೆ ಸೀರೆಯ ಚೂರಿನಲ್ಲಿ ನುಸಿಗುಳಿಗೆ ಗಂಟು ಕಟ್ಟಿ ಇಟ್ಟಿರುತ್ತಿದ್ದರು. ಅವರು ಕೂತು ತಿದಿ ತುಳಿದರೆ ಮೊದಲು ಈ ವಾಸನೆ ಬರುತ್ತಿತ್ತು, ಅದರ ಬೆನ್ನಿಗೆ ಸ್ವರ...

ಬಾಯಮ್ಮ ನಮ್ಮ ಪಕ್ಕದ ಮನೆಯವರು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು ರೂಢಿ. ಅವರಿಗೊಂದು ಚಂದದ ಹೆಸರಿತ್ತು, ಆದರೆ ನನ್ನ ಬಾಯಲ್ಲಿ ಅದು ಒಂದು ಸಲವೂ ಬಂದದ್ದಿಲ್ಲ. ನಮ್ಮ ಯಜಮಾನರಿಗೆ ಕುಂದಾಪುರದ ಕೋರ್ಟಿಗೆ ವರ್ಗವಾಗಿ, ನಾವು ಇಗರ್ಜಿಯ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಮನೆ ಹಿಡಿದಾಗ ಅವರು ಟೀಚರ್ ಕೆಲಸದಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಮದುವೆಯಾಗಿರಲಿಲ್ಲ. ತಿಳಿಬಣ್ಣದ ವಾಯಿಲ್ ಸೀರೆ, ಒಳಗೈಗೆ ತಿರುಗಿಸಿ ಕಟ್ಟಿದ ವಾಚು, ಬಾಯಲ್ಲಿ ಯಾವಾಗಲೂ ಒಂದು ಪೆಪ್ಪರ್‌ಮಿಂಟ್. ಪಾಠ ಹೇಳುವುದನ್ನು ಬಿಟ್ಟಿದ್ದರೂ ಮರದ ಅಡಿಕೋಲನ್ನು ಬಿಟ್ಟಿರಲಿಲ್ಲ. ಇಗರ್ಜಿಯ ಹಾಡಿನ ಗುಂಪಿಗೆ ತಾಳ ಹಾಕುವುದಕ್ಕೂ, ಅಂಗಳಕ್ಕೆ ಬಂದ ದನ ಓಡಿಸುವುದಕ್ಕೂ ಅದೇ ಅಡಿಕೋಲು.

ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಎದೆಯೆತ್ತರದ ಮುರಕಲ್ಲಿನ ಗೋಡೆ. ಅದರ ಮೇಲಿಂದ ನುಗ್ಗೆಕಾಯಿ, ಬಸಳೆ, ಬಿಂಬುಳಿ ಆ ಕಡೆಗೂ ಈ ಕಡೆಗೂ ಓಡಾಡುತ್ತಿದ್ದವು. ನಮ್ಮ ಅತ್ತೆ ಮಡಿಯವರು. ಮೊದಲ ವರ್ಷ ಕ್ರಿಸ್ಮಸ್‌ಗೆ ಬಾಯಮ್ಮ ತಿಂಡಿಯ ತಟ್ಟೆ ಕಳಿಸಿದಾಗ ಅತ್ತೆ ಅದನ್ನು ಜಗಲಿಯಲ್ಲೇ ಇಡಿಸಿದರು. ಮರುವರ್ಷ ಬಾಯಮ್ಮ ನಮ್ಮ ಕರ್ಜಿಕಾಯಿಯಂಥ, ಮೊಟ್ಟೆ ಮುಟ್ಟದ ನೆವ್ರಿಯನ್ನು ಬೇರೆ ಬಾಣಲೆಯಲ್ಲಿ, ಹೊಸ ಎಣ್ಣೆಯಲ್ಲಿ ಕರಿದು, ಹೇಗೆ ಮಾಡಿದೆನೆಂದು ಗೋಡೆಯ ಮೇಲಿಂದ ಅತ್ತೆಗೆ ಪೂರ್ತಿ ವಿವರಿಸಿ ಕೊಟ್ಟರು. ಅತ್ತೆ ಒಂದು ತಿಂದರು. ಸಂಜೆ ನಾನು ನೋಡುವಾಗ ತಟ್ಟೆಯಲ್ಲಿ ಎರಡೇ ಉಳಿದಿದ್ದವು.

ನಾನು ಆಗ ಹಾಡುತ್ತಿದ್ದೆ. ಸಾಲಿಗ್ರಾಮದ ಹತ್ತಿರದ ಒಂದು ಸಣ್ಣ ದೇವಸ್ಥಾನದಲ್ಲಿ ಅಪ್ಪ ಪೂಜೆಗಿದ್ದವರು. ಅಲ್ಲಿಯ ಭಜನೆಯಲ್ಲಿ ಹಾಡಿ ಹಾಡಿಯೇ ನಾನು ದೊಡ್ಡವಳಾದದ್ದು. ದೊಡ್ಡ ವಿದ್ವತ್ತೇನೂ ಇಲ್ಲ, ಆದರೆ ದೇವರು ಒಳ್ಳೆಯ ಏರುಧ್ವನಿ ಕೊಟ್ಟಿದ್ದ. ಮೇಲಿನ ಷಡ್ಜಕ್ಕೆ ಹೋಗಿ ನಿಂತರೆ ಹೊರಗೆ ಚಪ್ಪಲಿ ಬಿಡುತ್ತಿದ್ದವರು ಒಂದು ಕ್ಷಣ ನಿಲ್ಲುತ್ತಿದ್ದರು. ಅದು ನನಗೂ ಗೊತ್ತಿತ್ತು. ಕುಂದಾಪುರಕ್ಕೆ ಬಂದ ಮೇಲೂ ಓಣಿಯ ಹೆಂಗಸರ ಭಜನಾ ಮಂಡಳಿಯಲ್ಲಿ ಮೊದಲ ಹಾಡು ನನ್ನದೇ.

ಆಮೇಲೆ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಅಂದರು, ತೆಗೆಯಲೇಬೇಕು ಅಂದರು. ಸ್ವರದ ನರ ಅದಕ್ಕೆ ತಾಗಿಕೊಂಡೇ ಇದೆ, ಸ್ವರ ಬದಲಾದರೂ ಆಗಬಹುದು ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಜೀವಕ್ಕಿಂತ ಹಾಡು ದೊಡ್ಡದಲ್ಲ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಆಪರೇಷನ್ ಆಗಿ ಮೂರು ತಿಂಗಳು ನನಗೆ ಪಿಸುಮಾತು ಬಿಟ್ಟರೆ ಬೇರೆ ಸದ್ದೇ ಹೊರಡಲಿಲ್ಲ. ಎರಡನೇ ಕ್ಲಾಸಿನಲ್ಲಿದ್ದ ಮಗ ತಾನೂ ನನ್ನೊಡನೆ ಪಿಸುಗುಟ್ಟುತ್ತಲೇ ಮಾತಾಡುತ್ತಿದ್ದ. ಅತ್ತೆ ಸ್ವರ ಕೊಡು ತಾಯೇ ಎಂದು ಕೊಲ್ಲೂರಿಗೆ ಹರಕೆ ಹೇಳಿಕೊಂಡರು. ನಾಲ್ಕನೇ ತಿಂಗಳು ಸ್ವರ ಬಂತು... ಬಂದದ್ದು ನನ್ನದಲ್ಲ ಅನ್ನಿಸುವಂಥ ಸ್ವರ. ದಪ್ಪಗೆ, ತುಸು ಒರಟಾಗಿ, ಎಲ್ಲೋ ಕೆಳಗೆ. ಮಧ್ಯಮದಿಂದ ಮೇಲೆ ಹೋದರೆ ಬರೀ ಗಾಳಿ.

ಭಜನಾ ಮಂಡಳಿಯವರು ಒಳ್ಳೆಯವರು. ಮೆಲ್ಲಗೆ ಹಾಡು, ಸಾಕು, ಎಂದರು. ನಾನು ಎರಡು ಶುಕ್ರವಾರ ಹೋದೆ. ಎಲ್ಲರೂ ಮೇಲೆ ಹೋಗುವಾಗ ನಾನು ಬಾಯಿ ಮುಚ್ಚಿ ಕೂರಬೇಕಾಗಿ ಬರುತ್ತಿತ್ತು. ಪಕ್ಕದವರು ನನ್ನತ್ತ ನೋಡದ ಹಾಗೆ ನೋಡುತ್ತಿದ್ದರು. ಮೂರನೆಯ ಶುಕ್ರವಾರ ತಲೆನೋವು ಎಂದೆ. ಆಮೇಲೆ ಯಾರೂ ಕರೆಯಲಿಲ್ಲ, ಅಥವಾ ಕರೆದರೂ ನಾನು ಹೋಗಲಿಲ್ಲ. ತವರಿನಿಂದ ತಂದಿದ್ದ ಶ್ರುತಿಪೆಟ್ಟಿಗೆಯನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿಸಿದೆ. ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಎತ್ತದೇ ಇದ್ದದ್ದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ಒಂದು ವರ್ಷ ಹೀಗೇ ಹೋಯಿತು. ಒಂದು ಸಂಜೆ ಹಿತ್ತಿಲ ಕಲ್ಲಿನ ಮೇಲೆ ಕೂತು ಪಾತ್ರೆ ತಿಕ್ಕುತ್ತಿದ್ದೆ. ಬಾವಿಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ಗೊತ್ತಿಲ್ಲದೆ ಬಾಯಲ್ಲಿ ಏನೋ ಗುನುಗು ಬಂದಿತ್ತು. ಗೋಡೆಯಾಚೆಯಿಂದ ಬಾಯಮ್ಮನ ತಲೆ ಕಂಡಿತು.

"ಹ್ವಾಯ್, ಈಗ ಹಾಡಿದ್ದ್ ಯಾರ್?"

ನನಗೆ ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗಾಯಿತು. ಹಾಡಲ್ಲ ಬಾಯಮ್ಮ, ಸುಮ್ಮನೆ, ಎಂದೆ.

"ಸುಮ್ನೆಯಾ? ಹಾಂಗಾರೆ ನಾಳೆ ಮಧ್ಯಾಹ್ನ ಮೇಲೆ ಸುಮ್ನೆ ನನ್ನೊಟ್ಟಿಗೆ ಇಗರ್ಜಿಗೆ ಬಾ. ಪೆಟ್ಟಿಗೆ ಒಳಗೆ ಇಲಿ ಹೊಕ್ಕಿತ್ತ್. ಬ್ಯಾಟ್ರಿ ಹಿಡಿಯುಕೆ ಒಬ್ರ್ ಬೇಕ್."

ಊರವರೆಲ್ಲ ಆರ್ಗನ್ ಎನ್ನುತ್ತಿದ್ದುದಕ್ಕೆ ಬಾಯಮ್ಮ ಮಾತ್ರ ಪೆಟ್ಟಿಗೆ ಎನ್ನುತ್ತಿದ್ದರು. ಮರುದಿನ ಹೋದೆ. ಇಗರ್ಜಿಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಬಾಗಿಲಿನ ಮೇಲ್ಗಡೆ, ಹಿಂಬದಿಯಲ್ಲಿ, ಹಾಡುವವರಿಗೆಂದು ಒಂದು ಮರದ ಮಹಡಿ. ಮೆಟ್ಟಿಲು ಹತ್ತುವಾಗ ಕಿರುಗುಟ್ಟುತ್ತಿತ್ತು. ಆರ್ಗನ್ನಿನ ಹಿಂಬದಿಯ ಹಲಗೆ ಬಿಚ್ಚಿ, ನಾನು ಟಾರ್ಚು ಹಿಡಿದು, ಅವರು ಕುಕ್ಕರುಗಾಲಲ್ಲಿ ಕೂತು ಇಲಿ ಕಚ್ಚಿದ ಕಾಗದ, ಮೇಣದ ಚೂರು ಎಲ್ಲ ಹೊರಗೆಳೆದರು. ಒಳಗೆ ಹಿತ್ತಾಳೆಯ ಸಣ್ಣ ಸಣ್ಣ ನಾಲಗೆಗಳು ಸಾಲಾಗಿದ್ದವು. ನಮ್ಮ ಶ್ರುತಿಪೆಟ್ಟಿಗೆಯೊಳಗೂ ಇಂಥವೇ ಇರುವುದು ಎಂದು ನಾನೆಂದೆ. ಅವರು ಹಲಗೆ ಕೂರಿಸಿ, ಕೈ ಒರೆಸಿಕೊಂಡು, ನುಡಿಸಿ ನೋಡುವ ಎಂದು ಕೂತರು.

ಎಡಗೈಯ ಒಂದು ಬೆರಳಿನಿಂದ ಒಂದೇ ಒಂದು ಸ್ವರ ಒತ್ತಿ ಹಿಡಿದರು. ಅದು ನನ್ನ ಸ್ವರ ಇಳಿದು ಹೋಗಿ ಕೂತಿದ್ದ ಜಾಗವೇ. ಗುನುಗು ಎಂದು ಗಲ್ಲದಿಂದ ಸನ್ನೆ ಮಾಡಿದರು. ಗುನುಗಿದೆ. ಸ್ವಲ್ಪ ದೊಡ್ಡದಾಗಿ ಎಂದರು. ಬಾಯಿ ತೆರೆದೆ.

"ಇದ್ ನಿನ್ ಸ್ವರ. ನಾ ಎಲ್ಲಿಗ್ ಹೋರೂ ನೀ ಇಲ್ಲೇ ಇರ್. ಹಂದುಕಾಗ, ಅಲ್ಲಾಡುಕಾಗ."

ಆಮೇಲೆ ಅವರು ಬಲಗೈಯಲ್ಲಿ ಒಂದು ಹಾಡು ಹಿಡಿದು, ತಾವೇ ಹಾಡುತ್ತ ಮೇಲೆ ಮೇಲೆ ಹೋದರು. ಅವರದು ಆಗಲೇ ವಯಸ್ಸಾದ, ನೂಲಿನ ಎಳೆಯಂಥ ಧ್ವನಿ. ನನ್ನ ಸ್ವರ ಅದರಡಿಗೆ ನಿಂತಿತ್ತು. ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ದಾರಿಯಲ್ಲಿ ಹೋಗುವವರು. ಇಬ್ಬರು ಎರಡು ದಾರಿ ಹಿಡಿದು, ಒಬ್ಬರಿಗೊಬ್ಬರು ಅಡ್ಡ ಬಾರದೆ ಹೋಗಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಹಾಡು ಮುಗಿದ ಮೇಲೆ ನಾನು ಅತ್ತುಬಿಟ್ಟೆ. ಬಾಯಮ್ಮ ಸಮಾಧಾನ ಮಾಡುವುದಕ್ಕೇನೂ ಹೋಗಲಿಲ್ಲ. ಒಂದು ಪೆಪ್ಪರ್‌ಮಿಂಟ್ ಕೊಟ್ಟು, ಶನಿವಾರ ನಾಲ್ಕು ಗಂಟೆಗೆ ಅಭ್ಯಾಸ ಇರುವುದಾಗಿ ಹೇಳಿದರು.

ಮನೆಯಲ್ಲಿ ಹೇಗೆ ಹೇಳುವುದು ಎಂಬುದೇ ಚಿಂತೆಯಾಯಿತು. ಯಜಮಾನರು ಅತ್ತೆಯನ್ನು ಕೇಳು ಎಂದರು. ಪೂಜೆಯ ಮನೆಯಿಂದ ಬಂದವಳು ಇಗರ್ಜಿಯಲ್ಲಿ ಹಾಡುವುದೆಂದರೆ ಸಣ್ಣ ಮಾತಲ್ಲ. ಅತ್ತೆಗೆ ಹೇಳಿದೆ. ಮೂರನೆಯ ದಿನ ದೇವರ ಮುಂದೆ ಬತ್ತಿ ಹೊಸೆಯುತ್ತ ಕೇಳಿದರು.

"ಅಲ್ಲಿ ಹಾಡಿರೆ ಗಂಟ್ಲ್ ನೋಯ್ತಾ?"

"ಇಲ್ಲ ಅತ್ತೆ."

"ಹಾಂಗಾರೆ ಹೋಯಿ ಬಾ. ಸ್ವರ ಕೊಡ್ ಅಂದೇಳಿ ನಾ ಕೊಲ್ಲೂರಮ್ಮನ ಹತ್ರ ಕೇಂಡದ್. ಎಲ್ಲಿ ಹಾಡ್ಕ್ ಅಂದೇಳಿ ನಾ ಹೇಳಲಿಲ್ಲ, ಅವಳೂ ಹೇಳಲಿಲ್ಲ."

ಇಗರ್ಜಿಯ ಕಡೆಯಲ್ಲೂ ಎಲ್ಲ ಸಲೀಸಾಗಿ ಆಗಲಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ಹಿರಿಯರೊಬ್ಬರು ಆಕ್ಷೇಪ ಎತ್ತಿದ್ದರಂತೆ. ಕೆಳಗಿನ ಸ್ವರಕ್ಕೆ ಹದಿನಾಲ್ಕು ವರ್ಷದಿಂದ ಜನ ಹುಡುಕುತ್ತಿದ್ದೇನೆ, ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಬರುವ ಶನಿವಾರ ಕಳಿಸಿ, ಎಂದು ಬಾಯಮ್ಮ ಅವರ ಮನೆಯ ಜಗಲಿಗೇ ಹೋಗಿ ಹೇಳಿ ಬಂದಿದ್ದರು. ಯಾರೂ ಬರಲಿಲ್ಲ. ಪಾದ್ರಿಗಳು ನಕ್ಕು ಒಪ್ಪಿದರು. ನಾನು ಮಹಡಿಯಲ್ಲಿ ಕೊನೆಯ ಕುರ್ಚಿಯಲ್ಲಿ ಕೂರುವುದು, ಪ್ರಸಾದದ ಹೊತ್ತಿಗೆ ಎಲ್ಲರೂ ಕೆಳಗಿಳಿದಾಗ ಅಲ್ಲೇ ಇರುವುದು, ಇಷ್ಟೇ ನಿಯಮ.

ಗುಂಪಿನಲ್ಲಿ ನಾನು ಸೇರಿ ಹದಿಮೂರು ಜನ. ಹೆಚ್ಚಿನವರು ಕಾಲೇಜಿನ ಹುಡುಗಿಯರು. ಹಾಡುಗಳು ಕೊಂಕಣಿಯವು, ಅಕ್ಷರ ಕನ್ನಡದವು. ಬಾಯಮ್ಮ ಪೆನ್ಸಿಲಿನಲ್ಲಿ ಡೊ ರೆ ಮಿ ಗುರುತು ಹಾಕುತ್ತಿದ್ದರು. ನನಗೆ ಅದು ತಲೆಗೆ ಹತ್ತದೆ ನನ್ನ ಪುಸ್ತಕದಲ್ಲಿ ಸರಿಗಮ ಬರೆದುಕೊಂಡೆ. ಬರಬರುತ್ತ ಅವರೂ ನನ್ನ ಒಬ್ಬಳಿಗೆ ಮಾತ್ರ ಸರಿಗಮದಲ್ಲೇ ಬೈಯತೊಡಗಿದರು. ಪಂಚಮ ಇಳಿದಿದೆ, ಗಾಂಧಾರಕ್ಕೆ ನಿದ್ದೆ ಬಂದಿದೆ, ಹೀಗೆ. ಅಭ್ಯಾಸಕ್ಕೆ ಮುಂಚೆ ಫ್ಲಾಸ್ಕಿನಿಂದ ಎಲ್ಲರಿಗೂ ಜೀರಿಗೆ ಕಷಾಯ. ನನಗೆ ಐಸ್‌ಕ್ರೀಂ ನಿಷೇಧ. ಒಮ್ಮೆ ಬಸ್‌ಸ್ಟ್ಯಾಂಡಿನ ಹತ್ತಿರ ಮಗನೊಡನೆ ಐಸ್‌ಕ್ಯಾಂಡಿ ತಿನ್ನುತ್ತಿದ್ದವಳು ದೂರದಲ್ಲಿ ಅವರ ಕೊಡೆ ಕಂಡು ಕ್ಯಾಂಡಿಯನ್ನು ಬೆನ್ನ ಹಿಂದೆ ಅಡಗಿಸಿದ್ದೆ. ಮೂವತ್ತೈದು ದಾಟಿದ ಹೆಂಗಸು ನಾನು.

ಆ ವರ್ಷ ಇಗರ್ಜಿಯ ಹಬ್ಬ ಬಂತು. ಬೇರೆ ಊರುಗಳಿಂದ ಪಾದ್ರಿಗಳು, ಕೆಳಗೆ ನಿಲ್ಲಲು ಜಾಗವಿಲ್ಲದಷ್ಟು ಜನ. ಆರ್ಗನ್ನಿನ ತಿದಿಯನ್ನು ಕಾಲುಹಲಗೆಗೆ ಕಟ್ಟುವ ಎರಡು ಪಟ್ಟಿಗಳಲ್ಲಿ ಒಂದು ಹಿಂದಿನ ವಾರವೇ ಹೋಗಿತ್ತು. ಇನ್ನೊಂದರಲ್ಲಿ ನಡೆಯುತ್ತದೆ ಎಂದು ಬಾಯಮ್ಮ ಧೈರ್ಯ ಮಾಡಿದ್ದರು. ಮುಖ್ಯ ಹಾಡಿನ ಎರಡನೇ ಚರಣದ ನಡುವೆ ಟಪ್ ಎಂದು ಸದ್ದಾಯಿತು. ಆರ್ಗನ್ ಒಂದು ದೀರ್ಘ ನಿಟ್ಟುಸಿರು ಬಿಟ್ಟು ನಿಂತುಹೋಯಿತು. ಅದನ್ನೇ ಹಿಡಿದು ನಡೆಯುತ್ತಿದ್ದ ಹುಡುಗಿಯರು ತಬ್ಬಿಬ್ಬಾದರು. ಒಬ್ಬೊಬ್ಬರದೂ ಒಂದೊಂದು ಕಡೆ ಹೋಗತೊಡಗಿತು. ಕೆಳಗಿನಿಂದ ತಲೆಗಳು ಹಿಂದಕ್ಕೆ ತಿರುಗಿದವು.

ಬಾಯಮ್ಮ ಎದ್ದು ನಿಂತರು. ಬೇರೆ ಯಾರನ್ನೂ ನೋಡದೆ ನನ್ನ ಕಡೆಗೆ ಅಂಗೈ ಚಾಚಿದರು, ಮಗುವಿಗೆ ನಡೆಯಲು ಕಲಿಸುವವರು ಚಾಚುವ ಹಾಗೆ. ನನ್ನ ಸ್ವರ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಕಣ್ಣು ಮುಚ್ಚಿ ಅದನ್ನು ಹಿಡಿದೆ, ಇದ್ದಷ್ಟೂ ಉಸಿರು ಹಾಕಿ. ಒಂದು ಸಾಲು ಮುಗಿಯುವಷ್ಟರಲ್ಲಿ ಒಬ್ಬಳು ಹುಡುಗಿ ದಾರಿಗೆ ಬಂದಳು, ಆಮೇಲೆ ಇನ್ನೊಬ್ಬಳು. ನಾಲ್ಕನೇ ಚರಣಕ್ಕೆ ಹದಿಮೂರು ಜನರೂ ಒಟ್ಟಿಗಿದ್ದೆವು. ಆರ್ಗನ್ ಇಲ್ಲದೆ ಹಾಡು ಮುಗಿಯಿತು.

ಪೂಜೆ ಮುಗಿದು ಕೆಳಗಿಳಿದಾಗ, ಬೈಂದೂರಿನ ಕಡೆಯಿಂದ ಬಂದ ಒಬ್ಬ ಅಜ್ಜ ಬಾಯಮ್ಮನನ್ನು ತಡೆದು, ಆ ಗಂಡುಸ್ವರ ಯಾರದು, ಬಹಳ ಲಾಯ್ಕಿತ್ತು, ಎಂದು ಕೇಳಿದರು. ಬಾಯಮ್ಮ ಸೆರಗು ಬಾಯಿಗೊತ್ತಿ ನಗತೊಡಗಿದರು. ನನ್ನನ್ನು ಮುಂದಕ್ಕೆ ತಳ್ಳಿದರು. ಅಜ್ಜ ನನ್ನ ಹಣೆಯ ಕುಂಕುಮ ನೋಡಿದರು, ಸೀರೆ ನೋಡಿದರು, ಮತ್ತೆ ಬಾಯಮ್ಮನನ್ನು ನೋಡಿದರು. ಆಪರೇಷನ್ ಆದ ಮೇಲೆ ಆ ಸ್ವರದ ಬಗ್ಗೆ ನಾನು ಹೊಟ್ಟೆ ತುಂಬ ನಕ್ಕದ್ದು ಅದೇ ಮೊದಲು.

ಹಬ್ಬ ಕಳೆದ ಮೇಲೆ ಅತ್ತೆ, ಇನ್ನು ಕೊಲ್ಲೂರಿನ ಹರಕೆ ತೀರಿಸಿಬಿಡುವ, ಸ್ವರ ಬಂದದ್ದು ಹೌದಲ್ಲವಾ, ಎಂದರು. ಬಾಯಮ್ಮನನ್ನೂ ಕರೆ ಎಂದವರು ಅವರೇ. ವಂಡ್ಸೆ ದಾರಿಯ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಅವರಿಬ್ಬರು, ಹಿಂದಿನದರಲ್ಲಿ ನಾನು. ಬಾಯಮ್ಮ ಬೊಂಬಾಯಿಯ ಕತೆ ಹೇಳತೊಡಗಿದರು. ಟೀಚರ್ ಆಗುವುದಕ್ಕೆ ಮುಂಚೆ ಅವರು ಅಲ್ಲಿ ಅಣ್ಣನ ಚಾಳಿನ ಕೋಣೆಯಲ್ಲಿ ನಾಲ್ಕು ವರ್ಷ ಇದ್ದರು. ಪ್ರತಿ ಭಾನುವಾರ ಟ್ರೇನು ಹಿಡಿದು ಒಂದು ದೊಡ್ಡ ಇಗರ್ಜಿಗೆ ಹಾಡಲು ಹೋಗುತ್ತಿದ್ದರಂತೆ. ಅಲ್ಲಿ ಇದ್ದದ್ದು ಕೊಳವೆಗಳ ಆರ್ಗನ್. ಗೋಡೆಯುದ್ದಕ್ಕೂ ಕೊಳವೆ, ಕೆಲವು ತೆಂಗಿನಮರದಷ್ಟು ಎತ್ತರ, ಕೆಲವು ಪೆನ್ಸಿಲಿನಷ್ಟು. ಅದನ್ನು ಒಮ್ಮೆಯಾದರೂ ನುಡಿಸಬೇಕೆಂದು ಅವರಿಗೆ ಆಸೆ. ನುಡಿಸುವವರು ಒಂದು ದಿನ ಎಲ್ಲ ಮುಗಿದ ಮೇಲೆ ಕರೆದು, ಕಾಲಿನ ಒಂದೇ ಒಂದು ಹಲಗೆ ಒತ್ತಲು ಬಿಟ್ಟರಂತೆ. ಎಲ್ಲಕ್ಕಿಂತ ಕೆಳಗಿನ ಸ್ವರ.

"ಸ್ವರ ಕಿವಿಗೆ ಬಪ್ಪುಕೆ ಮುಂಚೆ ಕಾಲಿಗೆ ಬಂತ್ ಅಮ್ಮ. ನೆಲ ನಡ್ಗಿತ್."

"ಚಂಡೆ ಹಾಂಗಾ?" ಎಂದು ಅತ್ತೆ ಕೇಳಿದರು.

ಬಾಯಮ್ಮ ಸ್ವಲ್ಪ ಯೋಚಿಸಿ ಹೌದು, ಚಂಡೆಯ ಹಾಗೇ ಎಂದರು. ಅವತ್ತಿನಿಂದ ಕೆಳಗಿನ ಸ್ವರದ ಮೇಲೆ ಅವರಿಗೆ ಪ್ರೀತಿ. ಮೇಲಿನದು ಹಾಡಲು ಎಲ್ಲರೂ ಬರುತ್ತಾರೆ, ಕೆಳಗೆ ನಿಲ್ಲಲು ಯಾರೂ ಬರುವುದಿಲ್ಲ ಎಂದು ಹೇಳುತ್ತಿದ್ದರು. ಕೊಲ್ಲೂರಿನಲ್ಲಿ ನಾವು ದರ್ಶನಕ್ಕೆ ಹೋದಾಗ ಅವರು ಹೊರಗೆ ಅಂಗಡಿಯೊಂದರ ಬೆಂಚಿನಲ್ಲಿ ನಮ್ಮ ಮೂವರ ಚಪ್ಪಲಿ ಕಾಯುತ್ತ ಕೂತರು. ಅತ್ತೆ ತಂದುಕೊಟ್ಟ ಪ್ರಸಾದವನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡು, ನಿಮ್ಮ ಅಮ್ಮನಿಗೆ ನನ್ನ ಥ್ಯಾಂಕ್ಸ್ ಹೇಳಿ, ಒಳ್ಳೆಯ ಸ್ವರ ಕೊಟ್ಟಿದ್ದಾಳೆ, ಎಂದರು.

ಹನ್ನೊಂದು ವರ್ಷ ನಾನು ಆ ಮಹಡಿಯಲ್ಲಿ ಹಾಡಿದೆ. ಬಾಡಿಗೆಯ ಮನೆ ನಮ್ಮದೇ ಆಯಿತು. ಹುಡುಗಿಯರು ಮದುವೆಯಾಗಿ ಹೋದರು, ಅವರ ತಂಗಿಯಂದಿರು ಬಂದರು. ಅತ್ತೆ ತೀರಿಹೋದಾಗ ಬಾಯಮ್ಮ ಹದಿಮೂರು ದಿನವೂ ಬೆಳಿಗ್ಗೆ ಬಂದು ಜಗಲಿಯಲ್ಲಿ ಅರ್ಧ ಗಂಟೆ ಕೂತು ಹೋಗುತ್ತಿದ್ದರು.

ಅವರಿಗೆ ಎಪ್ಪತ್ತು ದಾಟಿದ ಮೇಲೆ ಒಂದು ಬದಲಾವಣೆ ಶುರುವಾಯಿತು. ಹುಡುಗಿಯರ ಮೇಲೆ ವಿನಾಕಾರಣ ರೇಗತೊಡಗಿದರು. ಬಾಯಿ ತೆರೆಯುವುದಿಲ್ಲ, ತುಟಿ ಅಲ್ಲಾಡಿಸಿ ಮೋಸ ಮಾಡುತ್ತೀರಿ ಎಂದು. ಈಸ್ಟರ್‌ಗೆ ಮುಂಚಿನ ಒಂದು ಶನಿವಾರ ಒಂದೇ ಸಾಲನ್ನು ಆರು ಸಲ ಹಾಡಿಸಿದರು. ಗುಂಪಿನಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಹೋಗಬಲ್ಲ ಹುಡುಗಿಯೊಬ್ಬಳಿದ್ದಳು. ಅವಳ ಮುಂದೆ ಅಡಿಕೋಲು ಕುಟ್ಟಿ, ನಿನಗೆ ಹಾಡಲು ಮನಸ್ಸಿಲ್ಲದಿದ್ದರೆ ಮನೆಗೆ ಹೋಗು, ಎಂದರು. ಅವಳು ಕಣ್ಣೊರೆಸಿಕೊಂಡು ಮೆಟ್ಟಿಲಿಳಿದಳು. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಬಾಯಮ್ಮ ಆರ್ಗನ್ನಿನ ಮುಂದೆ ಕೂತೇ ಇದ್ದರು. ಬಲತುದಿಯ, ಎಲ್ಲಕ್ಕಿಂತ ಮೇಲಿನ ಸ್ವರಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ನನಗೆ ಕೇಳುತ್ತಿತ್ತು, ಸ್ಪಷ್ಟವಾಗಿ, ತೀಕ್ಷ್ಣವಾಗಿ. ಅವರು ಮತ್ತೆ ಮತ್ತೆ ಒತ್ತಿದರು. ಕೊನೆಗೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಸತ್ಯ ಹೇಳ್ ಮಗಾ. ಆ ಹೆಣ್ಣ್ ಹಾಡ್ತಿದ್ದಿತಾ ಇಲ್ಯಾ?"

ಪೆಟ್ಟಿಗೆ ಹಳತಾಯಿತು, ನಾಲಗೆಗೆ ಧೂಳು ಹಿಡಿದಿರಬೇಕು ಎಂದು ಏನಾದರೂ ಹೇಳಿ ಆ ದಿನ ದಾಟಿಸಬಹುದಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಸ್ವರ ಹೋದಾಗ ಊರೆಲ್ಲ ನನಗೆ ಸಿಹಿ ಸಿಹಿ ಸುಳ್ಳು ಹೇಳಿತ್ತು, ಇವರೊಬ್ಬರನ್ನು ಬಿಟ್ಟು.

"ಹಾಡ್ತಿದ್ದಿತ್ ಬಾಯಮ್ಮ. ಚಂದ ಹಾಡ್ತಿದ್ದಿತ್."

"ನಿಂದ್ ಮಾತ್ರ ಕೇಂತ್ ನಂಗೆ," ಎಂದರು. ಆರ್ಗನ್ನಿನ ಮುಚ್ಚಳ ಎಳೆದು ಬೀಗ ಹಾಕಿದರು. ದಾರಿಯಲ್ಲೇ ಆ ಹುಡುಗಿಯ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ತಪ್ಪು ನನ್ನ ಕಿವಿಯದು ಎಂದು ಹೇಳಿ, ಬೀಗದ ಕೈಯನ್ನು ಅವಳ ಕೈಗೇ ಕೊಟ್ಟರು.

ಆಮೇಲೆ ಎಂಟು ದಿನ ಬಾಯಮ್ಮ ಗೋಡೆಯ ಹತ್ತಿರ ಬರಲಿಲ್ಲ. ನಾನು ಸಾರಿನ ಪಾತ್ರೆ ಹಿಡಿದುಕೊಂಡು ಹೋದರೂ ತಲೆನೋವೆಂದು ಒಳಗಿನಿಂದಲೇ ಹೇಳಿ ಕಳಿಸಿದರು. ಸತ್ಯ ಹೇಳಿದ್ದಕ್ಕೆ ಪಶ್ಚಾತ್ತಾಪಪಟ್ಟೆನೇ? ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ... ಒಂಬತ್ತನೆಯ ದಿನ ಸಂಜೆ ಗೋಡೆಯಾಚೆಯಿಂದ ಹ್ವಾಯ್ ಎಂದು ಕೇಳಿಸಿತು. ಓಡಿ ಹೋದೆ. ಜಗಲಿಯಲ್ಲಿ ಎರಡು ಕುರ್ಚಿ ಹಾಕಿ ಕೂತಿದ್ದರು.

"ಮೇಲಿನದ್ ನನ್ ತಲೆಯೊಳಗೆ ಇತ್ತ್. ನೀ ಕೆಳಗಿನದ್ ಹಾಡ್."

ಹಾಡಿದೆ. ಅವರು ಕಣ್ಣು ಮುಚ್ಚಿ, ಕುರ್ಚಿಯ ಕೈ ಮೇಲೆ ಬೆರಳು ಆಡಿಸುತ್ತ ಕೇಳಿದರು. ನಾನು ಹಾಡುತ್ತಿದ್ದುದು ಒಂದೇ ಕಡೆ ಸುತ್ತುವ ನಾಲ್ಕು ಸ್ವರ. ಅವರ ಮುಖದಲ್ಲಿ ಮಾತ್ರ ಹಾಡು ಪೂರ್ತಿ ನಡೆಯುತ್ತಿತ್ತು. ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಅವರ ಹುಬ್ಬು ನೋಡಿದರೆ ಗೊತ್ತಾಗುತ್ತಿತ್ತು. ಕೊನೆಯ ಸ್ವರ ನಾನು ಸ್ವಲ್ಪ ಬೇಗ ಬಿಟ್ಟೆ. ಕಣ್ಣು ತೆರೆದು, ಮೇಲಿನವರು ಇನ್ನೂ ಮುಗಿಸಿಲ್ಲ, ಎಂದು ಬೈದರು. ನನಗೆ ಎಷ್ಟೋ ಸಮಾಧಾನವಾಯಿತು.

ಆರು ವರ್ಷ ಹೀಗೆ ಸಂಜೆಗಳು ಕಳೆದವು. ಅವರ ಅಣ್ಣನ ಮಗಳು ಬೊಂಬಾಯಿ ಹತ್ತಿರದ ವಸಾಯಿಯಿಂದ ಕಿವಿಯ ಮಿಷನ್ ತಂದುಕೊಟ್ಟಳು. ಹಾಕಿದರೆ ಪಾತ್ರೆ ಬಿದ್ದ ಸದ್ದೇ ಜಾಸ್ತಿ ಎಂದು ಅದನ್ನು ಡಬ್ಬಿಯಲ್ಲಿಟ್ಟರು. ಬಾಯಮ್ಮ ಬೀಗದ ಕೈ ಕೊಟ್ಟ ಮೇಲೆ ನಾನೂ ಮಹಡಿಗೆ ಹೋಗುವುದನ್ನು ಬಿಟ್ಟಿದ್ದೆ. ಇಗರ್ಜಿಯಲ್ಲಿ ಆರ್ಗನ್ನಿನ ಜಾಗಕ್ಕೆ ಕೀಬೋರ್ಡ್ ಬಂತು. ಅದನ್ನು ನುಡಿಸುವವಳು, ಅವತ್ತು ಅತ್ತಿದ್ದ ಆ ಹುಡುಗಿಯೇ. ಬಾಯಮ್ಮ ಕೆಳಗೆ ಕಂಬದ ಹತ್ತಿರದ ಬೆಂಚಿನಲ್ಲಿ ಕೂತು, ಕಂಬಕ್ಕೆ ಅಂಗೈ ಒತ್ತಿ ಹಿಡಿಯುತ್ತಿದ್ದರು. ಯಾಕೆ ಎಂದು ಕೇಳಿದವರಿಗೆ ತಲೆ ತಿರುಗುತ್ತದೆ ಎನ್ನುತ್ತಿದ್ದರು. ಕಂಬದಲ್ಲಿ ಏನಾದರೂ ಕೇಳುತ್ತದೋ ಎಂದು ನೋಡುವುದು, ಎಂದು ನನಗೆ ಮಾತ್ರ ಹೇಳಿದ್ದರು.

ಬಚ್ಚಲಿನಲ್ಲಿ ಬಿದ್ದು ಸೊಂಟ ಮುರಿದ ಮೇಲೆ ಅಣ್ಣನ ಮಗಳು ಅವರನ್ನು ವಸಾಯಿಗೆ ಕರೆದುಕೊಂಡು ಹೋದಳು. ಹೋಗುವ ದಿನ ವ್ಯಾನಿನ ಕಿಟಕಿಯಿಂದ, ಹೋಯಿ ಬತ್ತೆ, ಎಂದರು. ತಿಂಗಳಿಗೊಮ್ಮೆ ಫೋನು ಬರುತ್ತಿತ್ತು. ಮಾತು ಅವರಿಗೆ ಕೇಳುತ್ತಿರಲಿಲ್ಲ. ಅಣ್ಣನ ಮಗಳು ಫೋನನ್ನು ಅವರ ಕಿವಿಗೆ ಹಿಡಿದು, ಹಾಡಿ ಆಂಟಿ, ಎನ್ನುತ್ತಿದ್ದಳು. ನಾನು ಅಡುಗೆಮನೆಯಲ್ಲಿ ನಿಂತು ಎರಡು ಸಾಲು ಹಾಡುತ್ತಿದ್ದೆ. ಆ ಕಡೆಯಿಂದ ಉಸಿರಾಟ ಮಾತ್ರ ಕೇಳುತ್ತಿತ್ತು. ಕೇಳುತ್ತಿದ್ದಾರೋ ಇಲ್ಲವೋ ಎಂದು ತಿಳಿಯುತ್ತಿರಲಿಲ್ಲ. ಒಮ್ಮೆ ಮಾತ್ರ, ಪಂಚಮ, ಎಂದರು. ಇಳಿದಿದ್ದದ್ದು ಹೌದು.

ಎರಡು ವರ್ಷದ ಹಿಂದೆ ತೀರಿಹೋದರು. ಮಣ್ಣು ಮಾಡಿದ್ದು ಅಲ್ಲೇ. ನನಗೆ ಹೋಗಲಾಗಲಿಲ್ಲ. ಇಲ್ಲಿಯ ಇಗರ್ಜಿಯಲ್ಲಿ ಅವರ ಹೆಸರಿನಲ್ಲಿ ತಿಂಗಳ ಪೂಜೆ ಇಟ್ಟಾಗ ಕೀಬೋರ್ಡಿನ ಹುಡುಗಿ ಮನೆಗೆ ಬಂದು, ಆಂಟಿ, ಒಂದ್ಸಲ ಬನ್ನಿ, ಎಂದಳು. ನನ್ನ ಸ್ವರ ಅಷ್ಟರಲ್ಲಿ ಇನ್ನೂ ಇಳಿದಿತ್ತು, ಆದರೂ ಹೋದೆ. ಮೂರು ಚರಣ ಹಾಡಿದೆ. ನಾಲ್ಕನೆಯದಕ್ಕೆ ಕೆಳಗೆ ಆ ಕಂಬದ ಹತ್ತಿರದ ಬೆಂಚಿನಲ್ಲಿ ಯಾರೋ ಬೇರೆಯವರು ಕೂತದ್ದು ಕಣ್ಣಿಗೆ ಬಿತ್ತು. ನನ್ನಿಂದ ಮುಂದೆ ಆಗಲಿಲ್ಲ. ಹುಡುಗಿಯರು ನಿಲ್ಲಲಿಲ್ಲ. ಅವರಷ್ಟಕ್ಕೆ ಅವರು ಸರಿಯಾಗಿ ಹಾಡಿ ಮುಗಿಸಿದರು. ಬಾಯಮ್ಮ ಇದ್ದಿದ್ದರೆ ನನ್ನನ್ನು ಬೈದು, ಅವರನ್ನು ಹೊಗಳುತ್ತಿದ್ದರು.

ಈಗ ಪಕ್ಕದ ಮನೆಯಲ್ಲಿ ಬ್ಯಾಂಕಿನವರು ಬಾಡಿಗೆಗಿದ್ದಾರೆ. ಒಳ್ಳೆಯ ಜನ. ಮಗನಿಗೆ ಮದುವೆಯಾಗಿದೆ, ಬ್ರಹ್ಮಾವರದ ಕಡೆಯ ಹುಡುಗಿ. ಅವಳಿಗೂ ಹಾಡಿನ ಹುಚ್ಚು. ಈ ನವರಾತ್ರಿಯಲ್ಲಿ ನಾವಿಬ್ಬರೂ ಹರಿವೆ ಸೊಪ್ಪು ಸೋಸುತ್ತ ಕೂತಾಗ, ಅತ್ತೆ, ನೀವು ಆಗಾಗ ಹೇಳಿಕೊಳ್ಳುವ ಆ ಹಾಡು ಯಾವುದು, ನನಗೂ ಕಲಿಸಿ, ಎಂದಳು. ಕಲಿಸಲು ಹೊರಟೆ. ಎರಡು ಸಾಲು ಹೇಳಿಕೊಟ್ಟೆ. ಅವಳು ಹಾಡಿದಳು, ಆಮೇಲೆ ತಲೆಯೆತ್ತಿ, ಇದು ಇಷ್ಟೇಯಾ ಎಂದು ಕೇಳಿದಳು. ಇಷ್ಟೇ ಅಲ್ಲ, ಇದರ ಮೇಲೆ ಇನ್ನೊಂದಿದೆ, ಎಂದೆ. ಅದನ್ನು ಹೇಳಲು ಬಾಯಿ ತೆರೆದೆ. ಹನ್ನೊಂದು ವರ್ಷ ಪ್ರತಿ ಶನಿವಾರ ಕಿವಿ ತುಂಬ ಕೇಳಿದ್ದು ಅದು. ಆದರೆ ಗಂಟಲು ಎಷ್ಟು ಸಲ ಶುರುಮಾಡಿದರೂ ತನ್ನ ಜಾಗಕ್ಕೇ ಇಳಿದುಬಿಟ್ಟಿತು. ಸೊಸೆ ಕಾದು ಕೂತಿದ್ದಳು. ಅದನ್ನು ಹೇಳಿಕೊಡುವವರು ಈಗಿಲ್ಲ ಮಗಾ, ಎಂದೆ. ನಾವು ಸೊಪ್ಪು ಸೋಸಿ ಮುಗಿಸಿದೆವು.